ಅಂಬಿಗನ ಹಾಡಿದ್ದ ಮೂರನೇ ಸಿಡಿ

ಮೂರು ಸಿಡಿಗಳ ಮೇಲೂ ಕುಂಕುಮ ಇತ್ತು. ಒಂದರ ಮೇಲೆ ಗಂಧ ಒಣಗಿ ಹಳೇ ಗೋಡೆಯ ಸುಣ್ಣದ ಹಾಗೆ ಹಕ್ಕಳೆ ಎದ್ದಿತ್ತು. ಇನ್ನೊಂದರ ನಡುವಿನ ತೂತಿನಲ್ಲಿ ಯಾವುದೋ ಆಯುಧಪೂಜೆಗೆ ಸಿಕ್ಕಿಸಿದ ಸೇವಂತಿಗೆಯ ತೊಟ್ಟು ಒಣಗಿ ನಿಂತಿತ್ತು. ತಂದ ಹೆಂಗಸು ಅವನ್ನು ಅರಿಶಿನದ ಬಟ್ಟೆಯಿಂದ ಬಿಚ್ಚಿ, ಕಣ್ಣಿಗೊತ್ತಿಕೊಂಡು, ನನ್ನ ಟೇಬಲ್ಲಿನ ಮೇಲೆ ಇಟ್ಟಳು.

“ಅಕ್ಕಾ, ಇದ್ರಲ್ಲಿ ನಮ್ಮಪ್ಪನ ಪುಸ್ತಕ ಅದೆ. ನೀವೇ ಮಾಡ್ಕೊಟ್ಟಿದ್ದು. ಇದ್ನ ಮತ್ತೆ ಕಾಗ್ದಕ್ಕೆ ಇಳಿಸ್ಕೊಡಿ.”

ದುಂಡನೆಯ ಕಾಗದದ ಲೇಬಲ್ಲು ನೋಡಿದ ತಕ್ಷಣ ನನಗೆ ನೆನಪಾಯಿತು. ಅಕ್ಷರ ಕೂರಿಸಿದ್ದು ನಾನೇ, ಅಂಚಿಗೆ ಬಳ್ಳಿ ಹಾಕಿದ್ದೂ ನಾನೇ. ಹದಿನೇಳು ವರ್ಷದ ಹಿಂದೆ ಮಂಡ್ಯದಲ್ಲಿ ಸಿಡಿಗೆ ಹೀಗೆ ಬಣ್ಣದ ಲೇಬಲ್ಲು ಅಂಟಿಸಿ ಕೊಡುವ ಡಿಟಿಪಿ ಅಂಗಡಿ ನನ್ನದೊಂದೇ ಅಂತ ನನಗೆ ಜಂಬ ಇತ್ತು. ಬೇರೆಯವರು ಸ್ಕೆಚ್ ಪೆನ್ನಿನಲ್ಲಿ ಗೀಚಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ನನ್ನದು ಮದುವೆ ಪತ್ರಿಕೆಯಷ್ಟು ಅಚ್ಚುಕಟ್ಟು.

ಆಕೆಯ ಅಪ್ಪ ಮಳವಳ್ಳಿ ತಾಲ್ಲೂಕಿನ ಒಬ್ಬ ನಾಟಕದ ಮೇಷ್ಟ್ರು. ನಮ್ಮ ಕಡೆ ಹಳ್ಳಿಯ ಗಂಡಸರು, ಗದ್ದೆ ಮಾಡುವವರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನಾಟಕ ಆಡುತ್ತಾರೆ. ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತು ಅವರಿಗೆ ಮಾತು, ಪದ್ಯ, ರಾಗ ಎಲ್ಲವನ್ನೂ ತಿದ್ದುವವರು ಮೇಷ್ಟ್ರು. ಮೇಷ್ಟ್ರ ಆಸ್ತಿ ಅಂದರೆ ಕೈಬರಹದ ನಾಟಕದ ಪುಸ್ತಕ. ಅದು ಅವರ ಕೈ ಬಿಟ್ಟು ಹೋಗುವುದಿಲ್ಲ. ಪಾತ್ರಧಾರಿಗೆ ಅವನ ಪಾತ್ರದ ಹಾಳೆ ಮಾತ್ರ ಸಿಗುತ್ತದೆ. ಅದರಲ್ಲಿ ಅವನ ಮಾತು, ಜೊತೆಗೆ ಅವನಿಗಿಂತ ಮುಂಚೆ ಮಾತಾಡುವವನ ಕೊನೆಯ ಎರಡು ಪದ. ಪೂರ್ತಿ ನಾಟಕ ಮೇಷ್ಟ್ರೊಬ್ಬರಿಗೇ ಗೊತ್ತು. ಈ ಮೇಷ್ಟ್ರು ನಾಟಕವನ್ನೂ ತಾವೇ ಕಟ್ಟಿದ್ದರು. ದೊರೆಯೊಬ್ಬ ರಾಜ್ಯ ಬಿಟ್ಟು ಹೊಳೆ ದಾಟಿ ಹೋಗುವ ಕಥೆ. ಅಚ್ಚಾಗಿರಲಿಲ್ಲ.

ಮೇಷ್ಟ್ರು ತೀರಿಕೊಂಡು ಹತ್ತು ತಿಂಗಳಾಗಿತ್ತು. ವರ್ಷದ ತಿಥಿಗೆ ಅವರದೇ ನಾಟಕ ಆಡಬೇಕು ಅಂತ ತಂಡದವರ ತೀರ್ಮಾನ. ಪೆಟ್ಟಿಗೆಯ ಮುಂದೆ ನಾನೇ ಕೂರುತ್ತೇನೆ ಅಂತ ಮಗಳು ಹೇಳಿದ್ದಾಳೆ. ಗೆಜ್ಜಲಗೆರೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ದಿನಾ ಬಸ್ಸಿನ ಓಡಾಟ, ವಯಸ್ಸು ನಲವತ್ತು ದಾಟಿದೆ. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಪೆಟ್ಟಿಗೆ ಕಲಿತವಳು. ಆದರೆ ರಂಗದ ಮುಂದೆ ಹೆಂಗಸು ಮೇಷ್ಟ್ರಾಗಿ ಕೂತದ್ದು ಅವರ ಸುತ್ತಿನಲ್ಲಿ ಇಲ್ಲ. ಇಷ್ಟು ವರ್ಷ ದೊರೆಯ ಪಾತ್ರ ಹಾಕುತ್ತಿದ್ದವರೇ ತಂಡದ ಹಿರಿಯರು, ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಅವರು ಒಂದೇ ಮಾತು ಹೇಳಿದ್ದರಂತೆ. ಪೂರ್ತಿ ಪುಸ್ತಕ ಕೈಯಲ್ಲಿ ಹಿಡಿದು ಬಂದರೆ ಅವಳೇ ಮೇಷ್ಟ್ರು, ಇಲ್ಲದಿದ್ದರೆ ಬೇರೆ ಊರಿನ ಮೇಷ್ಟ್ರು, ಅವರ ಪುಸ್ತಕ, ಅವರ ನಾಟಕ.

ಮುಂದಿನ ವಾರ ಬನ್ನಿ, ಆಗಿರುತ್ತದೆ ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇದ್ದಿದ್ದರೆ ನನ್ನ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತು.

ಆಕೆ ಹೋದ ಮೇಲೆ ಮೊದಲು ನನ್ನದೇ ಪ್ರತಿ ಹುಡುಕಿದೆ. ಆ ಕಾಲದ ಹಾರ್ಡ್ ಡಿಸ್ಕ್ ಇನ್ನೂ ಅಟ್ಟದ ಮೇಲಿತ್ತು. ಹಚ್ಚಿ ನೋಡಿದರೆ ಅದರಲ್ಲಿ ಬರೀ ವಾಣಿಜ್ಯ ಪತ್ರಗಳು, ಬ್ಯಾನರಿನ ವಿನ್ಯಾಸಗಳು. ಒಂದು ಸಲ ಜಾಗ ಸಾಲದೆ ಸ್ಕ್ಯಾನ್ ಮಾಡಿದ್ದನ್ನೆಲ್ಲ ಅಳಿಸಿದ್ದೆ. ಗಿರಾಕಿಯ ಹತ್ತಿರ ಸಿಡಿ ಇದೆಯಲ್ಲ, ನನಗೇಕೆ ಅಂತ ಅಂದುಕೊಂಡದ್ದು ಕೂಡ ಚೆನ್ನಾಗಿ ನೆನಪಿದೆ.

ನೆನಪಾದದ್ದು ಅದೊಂದೇ ಅಲ್ಲ. ಹದಿನೇಳು ವರ್ಷದ ಹಿಂದೆ ಮೇಷ್ಟ್ರು ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದರು. ಹಾಳೆಗಳು ಮುಟ್ಟಿದರೆ ಉದುರುವಂತಿದ್ದವು. ಸಿಡಿಗೆ ಹಾಕಿಸಿಟ್ಟರೆ ಉಳಿಯುತ್ತದೆ ಅಂತ ಯಾರೋ ಉಪನ್ಯಾಸಕರು ಹೇಳಿದ್ದರಂತೆ. ಬಿಟ್ಟು ಹೋಗಿ ಅಂದರೆ ಒಪ್ಪಲಿಲ್ಲ. ಮೂರು ದಿನ ಬೆಳಿಗ್ಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತು, ಸಂಜೆ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ದಪ್ಪ ಪುಸ್ತಕ, ನಾನೂರ ಮೂವತ್ತು ಪುಟ. ಹಾಗೇ ಸ್ಕ್ಯಾನರಿನ ಗಾಜಿಗೆ ಕವುಚಿದರೆ ಬೆನ್ನಿನ ಹತ್ತಿರದ ಅಕ್ಷರಗಳು ನೆರಳಿನಲ್ಲಿ ಮುಳುಗುತ್ತವೆ. ಬೆನ್ನು ಕತ್ತರಿಸಬೇಕಾಗುತ್ತದೆ ಮೇಷ್ಟ್ರೇ ಅಂದೆ. ಅವರು ಹೂಂ ಅಂದರು. ಕಟಿಂಗ್ ಮೆಷಿನ್ನಿನ ಅಲಗು ಇಳಿಯುವಾಗ ಎದ್ದು ಹೊರಗೆ ಹೋದರು. ಟೀ ಕುಡಿಯಲು ಹೋದರು ಅಂದುಕೊಂಡೆ.

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಸ್ಕ್ಯಾನ್ ಮಾಡುವವರು ಓದಬಾರದು. ಓದುತ್ತಾ ಕೂತರೆ ಕೈ ನಿಧಾನವಾಗುತ್ತದೆ, ಪುಟ ತಪ್ಪುತ್ತದೆ. ನಾಲ್ಕು ಮೂಲೆ ನೋಡು, ಸೊಟ್ಟ ಇದೆಯಾ ನೋಡು, ಕಲೆ ಇದ್ದರೆ ಡೈರಿಯಲ್ಲಿ ಬರೆದುಕೋ, ಮುಂದಿನ ಹಾಳೆಗೆ ಹೋಗು. ಕಲೆ, ಹರಿದದ್ದು ಮೊದಲೇ ಇತ್ತು, ನಾನು ಮಾಡಿದ್ದಲ್ಲ ಅಂತ ತೋರಿಸಲು ಆ ಡೈರಿ. ಎರಡು ನಿಮಿಷಕ್ಕೆ ಒಂದು ಪುಟ ತೆಗೆಯುತ್ತಿದ್ದೆ. ಮೇಷ್ಟ್ರು ಒಂದೆರಡು ಸಲ ಬಗ್ಗಿ, ಇಲ್ಲಿ ನೋಡಮ್ಮ, ಈ ಪದ್ಯ ಹೆಂಗೆ ಬಂತು ಅಂದ್ರೆ, ಅಂತ ಶುರು ಮಾಡಿದರು. ಹಾಗೆಲ್ಲ ಕೇಳುತ್ತಾ ಕೂತರೆ ಕೆಲಸ ಸಾಗಲ್ಲ ಮೇಷ್ಟ್ರೇ ಅಂತ ನಾನು ನಗುತ್ತಲೇ ಬಾಯಿ ಮುಚ್ಚಿಸಿದೆ. ಕೊನೆಗೆ ಬಿಡಿ ಹಾಳೆಗಳನ್ನು ಟೇಪಿನಲ್ಲಿ ಕಟ್ಟಿ, ಮೂರು ಸಿಡಿಯನ್ನು ಅದರ ಮೇಲಿಟ್ಟು ಕೊಟ್ಟು, ಇವು ನೂರು ವರ್ಷ ಬಾಳುತ್ತವೆ, ಇನ್ನು ಪುಸ್ತಕದ ಚಿಂತೆ ಬಿಡಿ ಅಂದೆ. ಡಬ್ಬಿಯ ಮೇಲೆ ಹಾಗೇ ಬರೆದಿತ್ತು.

ಈಗ ಆ ಸಿಡಿಗಳನ್ನು ತೊಳೆಯುವ ಕೆಲಸ. ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದು, ಹಳೇ ಮಲ್ಲು ಪಂಚೆಯ ತುಂಡು ಅದ್ದಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದೆ. ತಟ್ಟೆ ಒರೆಸುವ ಹಾಗೆ ಸುತ್ತಾ ಒರೆಸಬಾರದು. ಬರಹ ಸುತ್ತಾಗಿಯೇ ಇರುವುದರಿಂದ ಸುತ್ತಾ ಬಿದ್ದ ಒಂದು ಗೀಚು ಒಂದೇ ಕಡೆಯ ಅಕ್ಷರವನ್ನೆಲ್ಲ ಕೆಡಿಸುತ್ತದೆ. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯೇ ಇಲ್ಲ. ಗುಜರಿಗೆ ಹೋಗಬೇಕಿದ್ದ ಯಂತ್ರದಿಂದ ಹಳೇ ಡ್ರೈವು ಬಿಚ್ಚಿ ತಂತಿಯಲ್ಲಿ ಸೇರಿಸಿಕೊಂಡೆ.

ಮೊದಲ ಸಿಡಿ ಎರಡು ಸಲ ಕೆಮ್ಮಿ ತೆರೆದುಕೊಂಡಿತು. ನೂರ ನಲವತ್ತು ಪುಟವೂ ಬಂದವು. ಮೇಷ್ಟ್ರ ದುಂಡನೆಯ ಅಕ್ಷರ ಪರದೆಯ ಮೇಲೆ ಮೂಡಿದಾಗ ನನಗೆ ಖುಷಿಯಲ್ಲಿ ಕಣ್ಣು ತುಂಬಿತು. ಎರಡನೆಯದು ಸತಾಯಿಸಿತು. ಓದುವ ವೇಗ ತಗ್ಗಿಸಿ, ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಆಮೇಲೆ ಬಿಟ್ಟದ್ದಕ್ಕೆ ಹಿಂತಿರುಗುವ ತಂತ್ರಾಂಶ ಹಾಕಿದೆ. ಎರಡು ದಿನದ ಮೇಲೆ ಹನ್ನೊಂದು ಪುಟ ಬಿಟ್ಟು ಉಳಿದದ್ದು ಸಿಕ್ಕಿತು. ಮೂರನೆಯದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಅಂಚಿನ ಸುತ್ತ ಬೆಳಕು ಜರಡಿಯ ಹಾಗೆ ತೂರಿ ಬರುತ್ತಿತ್ತು. ಲೇಬಲ್ಲು ಅಲ್ಲಲ್ಲಿ ಗುಳ್ಳೆ ಎದ್ದಿತ್ತು.

ಸಿಡಿಯ ಬರಹ ಹೊಳೆಯುವ ಕೆಳಮೈಯಲ್ಲಿ ಇರುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಕೆಳಗಿರುವುದು ದಪ್ಪ ಪ್ಲಾಸ್ಟಿಕ್ಕು, ಅದಕ್ಕೆ ಗೀಚು ಬಿದ್ದರೂ ಉಜ್ಜಿ ಸರಿಮಾಡಬಹುದು. ಬರಹದ ಪದರ, ಅದರ ಮೇಲಿನ ಬೆಳ್ಳಿಯಂಥ ಪದರ ಇರುವುದು ಮೇಲ್ಗಡೆ, ತೆಳ್ಳನೆಯ ಮೆರುಗೆಣ್ಣೆಯ ಅಡಿಯಲ್ಲಿ. ಅದರ ಮೇಲೆಯೇ ನನ್ನ ಚೆಂದದ ಕಾಗದ ಕೂತಿತ್ತು. ವರ್ಷ ವರ್ಷ ಆಯುಧಪೂಜೆಗೆ ಹಸಿ ಗಂಧ ಹಚ್ಚಿದ್ದಾರೆ. ಕಾಗದ ಆ ತೇವವನ್ನೆಲ್ಲ ಕುಡಿದಿದೆ, ಅಂಟು ಉಬ್ಬಿದೆ, ಉಬ್ಬಿದ ಅಂಟು ಬೆಳ್ಳಿಯನ್ನು ಹಿಡಿದು ಎತ್ತಿದೆ. ಅವರು ಸ್ಕೆಚ್ ಪೆನ್ನಿನ ಸಿಡಿಗೆ ಗಂಧ ಇಟ್ಟಿದ್ದರೆ ಒರೆಸಿದರೆ ಹೋಗುತ್ತಿತ್ತೇನೋ.

ಇದರ ಜೊತೆಗೆ ಇನ್ನೊಂದು ಪಾಪ ಇತ್ತು. ಮೂರನೆಯ ಸಿಡಿಗೆ ಉಳಿದ ನೂರೈವತ್ತು ಪುಟ ಹಿಡಿದಿರಲಿಲ್ಲ, ಸ್ವಲ್ಪದರಲ್ಲಿ ಹೆಚ್ಚಾಗಿತ್ತು. ನಾಲ್ಕನೇ ಸಿಡಿ ಹಾಕುವುದು ಬಿಟ್ಟು, ಎಲ್ಲ ಪುಟವನ್ನೂ ಒತ್ತಿ ಕುಗ್ಗಿಸಿ, ಜಿಪ್ ಫೈಲಿನ ಹಾಗೆ ಒಂದೇ ಗಂಟು ಕಟ್ಟಿ ತುರುಕಿದ್ದೆ. ಅಂಥ ಗಂಟು ನಡುವೆ ಒಂದು ಕಡೆ ಹರಿದರೆ ಅದರ ಮುಂದಿನದು ಬಿಚ್ಚುವುದಿಲ್ಲ. ಸಿಡಿ ಓದುವುದು ನಡುವಿನಿಂದ ಅಂಚಿಗೆ. ತುಂಬಿ ತುಳುಕುವ ಸಿಡಿಯಲ್ಲಿ ನಾಟಕದ ಕೊನೆಯ ಭಾಗ ಇದ್ದದ್ದು ಸರಿಯಾಗಿ ಅಂಚಿನಲ್ಲಿ.

ಮೂಲ ಹಾಳೆ ಇದ್ದರೆ ಇಷ್ಟೆಲ್ಲ ಯಾಕೆ ಅನಿಸಿತು. ಮಗಳಿಗೆ ಫೋನ್ ಮಾಡಿ, ಆ ಬಿಡಿ ಹಾಳೆಗಳ ಕಟ್ಟು ಎಲ್ಲಿದೆ, ಹೇಗಿದ್ದರೂ ಸರಿ ತನ್ನಿ ಅಂದೆ. ಅವು ಆವಾಗಲೇ ಹೊಳೆಗೆ ಹೋದವು, ಅಪ್ಪನೇ ಬಿಟ್ಟುಬಂದರು ಅಂದಳು. ಹಿಂದೆ ಕಾರ್ಖಾನೆಯ ಮೆಷಿನ್ನುಗಳ ಸದ್ದು. ಹೆಚ್ಚು ಕೇಳುವ ಧೈರ್ಯ ಆಗಲಿಲ್ಲ.

ಮೂರನೇ ಸಿಡಿಯನ್ನು ಎದೆಗೆ ಅವುಚಿಕೊಂಡು ಮದ್ದೂರಿಗೆ ಹೋದೆ. ಅಲ್ಲಿ ನನ್ನ ಜೊತೆ ಕಂಪ್ಯೂಟರ್ ಕಲಿತ ಗೆಳೆಯ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ನಾಲ್ಕೈದು ಬಗೆಯ ಹಳೇ ಡ್ರೈವುಗಳಿವೆ. ಒಂದಕ್ಕೆ ಕಾಣದ್ದು ಇನ್ನೊಂದರ ಕಣ್ಣಿಗೆ ಕಾಣುವುದುಂಟು. ಲೇಬಲ್ಲು ಕಿತ್ತು ನೋಡೋಣವೇ ಅಂದೆ. ಅವನು ನನ್ನ ಕೈಯಿಂದ ಸಿಡಿಯನ್ನು ಕಿತ್ತುಕೊಂಡ.

“ಕಾಗ್ದ ಮುಟ್ಬುಟ್ಟೀಯ ಕಣಮ್ಮ. ಕಿತ್ರೆ ಬೆಳ್ಳೀನೂ ಅದ್ರ ಜೊತೇಲೇ ಎದ್ದು ಬತ್ತದೆ. ಯಾವ ಪುಣ್ಯಾತ್ಮ ಅಂಟಿಸ್ದ ಇದ್ನ?”

ಪುಣ್ಯಾತ್ಮೆ ನಾನೇ ಅಂತ ಹೇಳಿದೆ. ಅವನು ನಗಲಿಲ್ಲ. ನಕ್ಕು ಬೈದಿದ್ದರೆ ಚೆನ್ನಾಗಿತ್ತು.

ಅವನ ಮೂರನೆಯ ಡ್ರೈವಿನಲ್ಲಿ, ಅತಿ ಕಡಿಮೆ ವೇಗದಲ್ಲಿ, ಇಡೀ ಮಧ್ಯಾಹ್ನ ತಿರುಗಿಸಿ ತೊಂಬತ್ತೊಂದು ಪುಟ ಬಿಚ್ಚಿಕೊಂಡೆವು. ಅಲ್ಲಿಗೆ ಗಂಟು ಹರಿಯಿತು. ಐವತ್ತೊಂಬತ್ತು ಪುಟ ಬಾಕಿ. ಸಿಡಿಯನ್ನು ಹೊರಗೆ ತೆಗೆದಾಗ ಗುಳ್ಳೆ ಇನ್ನಷ್ಟು ಅಗಲವಾಗಿತ್ತು. ತಿರುಗಿದಷ್ಟೂ ಏಳುತ್ತದೆ, ಇನ್ನೊಂದೇ ಸಲ ತಡೆದೀತು ಅಂದ.

ಆ ವಾರ ನಾನು ಮಾಡಿದ್ದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಗಳು ಎರಡು ಸಲ ಫೋನ್ ಮಾಡಿದಳು. ಸಾಫ್ಟ್‌ವೇರ್ ತೊಂದರೆ, ಬೆಂಗಳೂರಿನಿಂದ ಒಂದು ಭಾಗ ಬರಬೇಕು ಅಂತ ಎರಡು ಸಲವೂ ಸುಳ್ಳು ಹೇಳಿದೆ. ಪೂಜೆ ಮಾಡಿದ್ದು ಅವರು, ಹೊಳೆಗೆ ಬಿಟ್ಟದ್ದು ಅವರು, ನನ್ನದೇನು ತಪ್ಪು ಅಂತ ಮನಸ್ಸಿನಲ್ಲೇ ವಾದ ಮಾಡುತ್ತಾ ಜೆರಾಕ್ಸ್ ಹೊಡೆಯುತ್ತಿದ್ದೆ. ಒಂದು ದಿನ ಯಾರದೋ ಹಳೇ ಕರಾರುಪತ್ರದ ನಾಲ್ಕು ಮೂಲೆ ಸರಿಮಾಡುವಾಗ ಮೇಷ್ಟ್ರು ಎದ್ದು ಹೊರಗೆ ಹೋದದ್ದು ಕಣ್ಣಿಗೆ ಕಟ್ಟಿತು. ಅವರು ಟೀ ಕುಡಿಯುತ್ತಿರಲಿಲ್ಲ. ಮೂರು ದಿನವೂ ನಾನು ಕೊಡಲು ಹೋದಾಗ ಬೇಡ ಅಂದವರು. ಅಂಗಡಿ ಬಾಗಿಲು ಅರ್ಧ ಎಳೆದು ಮಳವಳ್ಳಿ ಬಸ್ಸು ಹತ್ತಿದೆ.

ಭಾನುವಾರವಾದ್ದರಿಂದ ಆಕೆ ಮನೆಯಲ್ಲಿದ್ದಳು. ಪೆಟ್ಟಿಗೆಯನ್ನು ಜಗಲಿಗೆ ತಂದು ಅದರ ರೀಡುಗಳ ಧೂಳು ತೆಗೆಯುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಲೇಬಲ್ಲು, ಒಂದೇ ಗಂಟು, ಅಳಿಸಿದ ಪ್ರತಿ, ಬೆಂಗಳೂರಿನ ಸುಳ್ಳು. ಆಕೆ ಕುಂಚ ಕೆಳಗಿಟ್ಟಳು. ಆಮೇಲೆ ನಾನು ಫೋನಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಹೇಳಿದಳು.

“ಸೀಡಿ ತಂದ ದಿನ ಅಪ್ಪ ಮನೆಗ್ ಬಂದು ಉಣ್ನಿಲ್ಲ ಕಣಕ್ಕ. ಬೆನ್ನು ಕುಯ್ದ ಮ್ಯಾಲೆ ಅದು ಪುಸ್ತಕ ಅಲ್ಲ, ಭಿನ್ನವಾದ ವಿಗ್ರಹ ಇದ್ದಂಗೆ, ಮನೇಲಿ ಮಡಗಬಾರ್ದು ಅಂದ್ರು. ಬೆಳಿಗ್ಗೆ ಅರಿಶಿನ ಕುಂಕುಮ ಹಾಕಿ ಹೊಳೆಗೆ ಬುಟ್ಬುಟ್ಟು ಬಂದ್ರು. ಆವಮ್ಮ ನೂರು ವರ್ಸ ಅಂದವ್ಳೆ, ಇನ್ಮ್ಯಾಲೆ ಇದೇ ಪುಸ್ತಕ ಅಂದ್ಬುಟ್ಟು ಸೀಡೀನ ದೇವ್ರ ಗೂಡ್ನಲ್ಲಿ ಮಡಗಿದ್ರು.”

ಒಡೆದ ವಿಗ್ರಹವನ್ನು ಮನೆಯಲ್ಲಿ ಇಡುವುದಿಲ್ಲ, ನೀರಿಗೆ ಬಿಡುತ್ತಾರೆ. ಇದು ನನ್ನ ತವರಿನಲ್ಲೂ ಇರುವ ಪದ್ಧತಿ. ಗೊತ್ತಿಲ್ಲ ಅನ್ನುವಂತಿಲ್ಲ. ಗಂಧ ಹಚ್ಚಿದ್ದೂ ನನ್ನ ಮಾತು ನಂಬಿಯೇ. ಕಣ್ಣಲ್ಲಿ ನೀರು ಬಂತು. ಆಕೆ ಒಳಗೆ ಹೋಗಿ ನೀರು ತಂದುಕೊಟ್ಟಳು, ಅಷ್ಟೆ. ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

ಸಿಡಿ ಇನ್ನೊಂದೇ ಸಲ ತಿರುಗಬಹುದು ಅನ್ನುವುದನ್ನೂ ತಿಳಿಸಿದೆ. ಅದನ್ನು ಈಗಲೇ ತಿರುಗಿಸುವುದು ಬೇಡ, ಮೊದಲು ಪಾತ್ರದ ಹಾಳೆಗಳನ್ನು ಹುಡುಕೋಣ ಅಂತ ಅಲ್ಲೇ ನಿರ್ಧಾರವಾಯಿತು. ಯೋಚನೆ ನನ್ನದು, ಆದರೆ ಯಾರ ಮನೆ ಎಲ್ಲಿ ಅಂತ ಗೊತ್ತಿದ್ದದ್ದು ಆಕೆಗೆ. ಮೇಷ್ಟ್ರು ನಾಟಕವನ್ನು ಯಾರಿಗೂ ಪೂರ್ತಿ ಕೊಡಲಿಲ್ಲ. ಆದರೆ ಎಲ್ಲರಿಗೂ ಒಂದೊಂದು ತುಂಡು ಕೊಟ್ಟಿದ್ದರು.

ಮುಂದಿನ ಐದು ಭಾನುವಾರ ನಾವಿಬ್ಬರೂ ಅಲೆದದ್ದು ಅಷ್ಟಿಷ್ಟಲ್ಲ. ಮದ್ದೂರಿನಾಚೆ ಶಿವಪುರದ ಹತ್ತಿರದ ರೈತರೊಬ್ಬರದು ಮಂತ್ರಿಯ ಪಾತ್ರ. ಟ್ರ್ಯಾಕ್ಟರ್ ನಿಲ್ಲಿಸಿ, ಗದ್ದೆ ಬದುವಿನ ಮೇಲೆ ನಿಂತು, ಒಂದು ಅಕ್ಷರ ಮರೆಯದೆ ಅಷ್ಟೂ ಮಾತು ಒಪ್ಪಿಸಿದರು. ಆದರೆ ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದಲೇ ಶುರು ಮಾಡಬೇಕು. ದೂತನ ಪಾತ್ರದವರ ಹೆಂಡತಿ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದರು. ದೊರೆಯ ಮನೆಗೆ ಶಿವನಸಮುದ್ರಕ್ಕೆ ಹೋದಾಗ ಹಿರಿಯರು ಗೋಡೆಗೊರಗಿ ಕೂತು, ಬರೀ ತಮ್ಮ ಮಾತಷ್ಟೇ ಅಲ್ಲ, ಎದುರಾಳಿಯ ಕೊನೆಯ ಪದಗಳನ್ನೂ ಅದೇ ಏರಿಳಿತದಲ್ಲಿ ಹೇಳಿದರು. ನಾನು ಮೊಬೈಲಿನಲ್ಲಿ ದನಿ ಹಿಡಿದು, ಮಂಡ್ಯಕ್ಕೆ ಬಂದು ಟೈಪ್ ಮಾಡಿ, ಒಬ್ಬರ ಕೊನೆಯ ಪದಕ್ಕೆ ಇನ್ನೊಬ್ಬರ ಮೊದಲ ಮಾತು ಜೋಡಿಸುತ್ತಾ ಹೋದೆ. ಎರಡನೇ ಸಿಡಿಯ ಹನ್ನೊಂದು ಪುಟ ತುಂಬಿತು. ಮೂರನೆಯದರ ಐವತ್ತೊಂಬತ್ತರಲ್ಲಿ ಐವತ್ತಮೂರು ತುಂಬಿತು.

ಉಳಿದ ಆರು ಪುಟ ಅಂಬಿಗನ ಹಾಡು. ಮೊದಲ ಸಿಡಿಯಲ್ಲಿ ಮೇಷ್ಟ್ರೇ ಬರೆದ ಪರಿವಿಡಿ ಸಿಕ್ಕಿತ್ತಲ್ಲ, ಅದರಲ್ಲಿ ಸ್ಪಷ್ಟವಾಗಿತ್ತು, ಪುಟ ೪೧೨ರಿಂದ ೪೧೭. ರಾಜ್ಯ ಬಿಟ್ಟ ದೊರೆಯನ್ನು ಅಂಬಿಗ ಹೊಳೆ ದಾಟಿಸುವ ಸನ್ನಿವೇಶ. ರಂಗದ ದೀಪ ಆರಿಸಿಬಿಡುತ್ತಿದ್ದರಂತೆ. ಕತ್ತಲಲ್ಲಿ ಮೇಷ್ಟ್ರೇ ಪೆಟ್ಟಿಗೆ ನುಡಿಸುತ್ತಾ ಏಳು ನುಡಿ ಹಾಡುತ್ತಿದ್ದರು. ಅಂಬಿಗನ ಪಾತ್ರಕ್ಕೆ ಬೇರೆ ಆಳಿಲ್ಲ, ಹಾಗಾಗಿ ಹಾಳೆಯೂ ಇಲ್ಲ. ಅಭ್ಯಾಸದಲ್ಲಿ ಬರೀ ರಾಗ ನುಡಿಸಿ ಮುಂದಕ್ಕೆ ಹೋಗುತ್ತಿದ್ದರು. ಮಗಳಿಗೆ ರಾಗ ಬೆರಳ ತುದಿಯಲ್ಲಿದೆ. ಮಾತು ಕೇಳಬೇಕಾದರೆ ನಾಟಕದ ದಿನ ಎದುರಿಗೆ ಇರಬೇಕಿತ್ತು, ಆಗ ಆಕೆ ಮನೆಯಲ್ಲಿ ಇಡೀ ತಂಡಕ್ಕೆ ಅಡಿಗೆ ಮಾಡುತ್ತಿದ್ದಳು. ಎದುರಿಗೆ ಇದ್ದವರಿಗೆಲ್ಲ ಮೊದಲನೆಯ ನುಡಿ ಬಾಯಿಪಾಠ:

ಇತ್ತ ದಡವ ನೋಡಬ್ಯಾಡ, ಅತ್ತ ದಡವ ಕೇಳಬ್ಯಾಡ
ಹುಟ್ಟು ನೀರಿಗಿಳಿದ ಮ್ಯಾಲೆ ಹೊಳೆಯೆ ದೊರೆಯೋ, ದೊರೆಯೇ

ಮುಂದಿನ ಆರು ಯಾರಿಗೂ ಬರುವುದಿಲ್ಲ. ಒಂದು ಸಲ ನಾಟಕವನ್ನು ವಿಡಿಯೋ ಮಾಡಿಸಿದ್ದರು. ಆ ಕ್ಯಾಸೆಟ್ಟನ್ನೂ ಪತ್ತೆ ಹಚ್ಚಿ ಹಾಕಿಸಿ ನೋಡಿದೆವು. ದೀಪ ಆರಿದ ಕೂಡಲೇ ಚಿತ್ರ ನಿಂತು, ದೊರೆ ಆಚೆ ದಡದಲ್ಲಿ ಇಳಿದ ಮೇಲೆ ಶುರುವಾಗುತ್ತದೆ. ಕತ್ತಲನ್ನು ಯಾಕೆ ಹಿಡಿಯುವುದು ಅಂತ ವಿಡಿಯೋದವನು ಕ್ಯಾಮೆರಾ ಆರಿಸಿದ್ದ. ಅವನನ್ನು ಬೈಯಲು ಬಾಯಿ ತೆರೆದು ಮುಚ್ಚಿಕೊಂಡೆ. ನನ್ನ ಜಾತಿಯವನೇ ಅವನೂ, ಕೆಲಸ ಬಲ್ಲವನು.

ಇನ್ನು ಉಳಿದದ್ದು ಆ ಒಂದು ಸುತ್ತು. ತಿರುಗಿಸುವುದೋ ಬೇಡವೋ ನೀವೇ ಹೇಳಿ ಅಂತ ಮಗಳಿಗೆ ಬಿಟ್ಟೆ. ಇಟ್ಟುಕೊಂಡು ಪೂಜೆ ಮಾಡಿದ್ದು ಸಾಕಾಯಿತು, ತಿರುಗಿಸಿ ಅಂದಳು. ಅರ್ಧ ದಿನ ರಜೆ ಹಾಕಿ ತಾನೂ ಮದ್ದೂರಿಗೆ ಬಂದಳು. ಗೆಳೆಯ ಬೆಳಕು ತೂರುವ ಕಡೆಯೆಲ್ಲ ಸಣ್ಣ ಕಪ್ಪು ಟೇಪು ಅಂಟಿಸಿ, ತೂಕ ಸಮ ಆಗಲೆಂದು ಎದುರು ಬದಿಗೂ ಅಷ್ಟೇ ಅಂಟಿಸಿ, ಅಂಚಿನಿಂದಲೇ ಹಿಮ್ಮುಖವಾಗಿ ಓದುವಂತೆ ಮಾಡಿ ಗುಂಡಿ ಒತ್ತಿದ. ಸಿಕ್ಕಿದ ಚೂರುಗಳನ್ನು ಆಮೇಲೆ ಗಂಟಿಗೆ ಸೇರಿಸಿ ನೋಡೋಣ ಅಂತ ಲೆಕ್ಕ. ಪರದೆಯ ಮೇಲೆ ಕೆಂಪು ಚೌಕಗಳ ನಡುವೆ ಎರಡು ಹಸಿರಾದವು, ಮತ್ತೆ ಒಂದು. ಆಮೇಲೆ ಡ್ರೈವಿನೊಳಗೆ ಕಾಗದ ಹರಿದ ಸದ್ದು.

ಹೊರಗೆ ತೆಗೆದಾಗ ಲೇಬಲ್ಲು ಅರ್ಧ ಎದ್ದು ಸುರುಳಿ ಸುತ್ತಿಕೊಂಡಿತ್ತು. ಬೆಳ್ಳಿ ಅದರ ಹಿಂಬದಿಗೆ ಅಂಟಿಕೊಂಡಿತ್ತು. ಸಿಡಿಯ ಅಂಚು ಕಿಟಕಿಯ ಗಾಜಿನಷ್ಟು ಸ್ವಚ್ಛ, ಅದರಾಚೆ ಗೆಳೆಯನ ಟೇಬಲ್ಲಿನ ಮೊಳೆಗಳು ಕಾಣುತ್ತಿದ್ದವು. ಸಿಕ್ಕಿದ ಮೂರು ಚೂರಿನಿಂದ ಒಂದು ಸಾಲೂ ಬಿಚ್ಚಿಕೊಳ್ಳಲಿಲ್ಲ. ಮಗಳು ಆ ಸುರುಳಿಯನ್ನು ಬಿಡಿಸಿ, ಬಳ್ಳಿಯ ಅಂಚಿನ ನಡುವಿದ್ದ ಅಪ್ಪನ ಹೆಸರು ಒಮ್ಮೆ ಓದಿ, ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ತಂಡದ ಸಭೆಗೆ ನಾನೂ ಹೋಗಿದ್ದೆ. ತಪ್ಪು ನನ್ನದು ಅಂತ ಅಲ್ಲೂ ಹೇಳಬೇಕಿತ್ತು, ಹೇಳಿದೆ. ದೊರೆಯ ಪಾತ್ರದ ಹಿರಿಯರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಪುಸ್ತಕ ಹೆಚ್ಚೂಕಡಿಮೆ ಬಂದಿದೆ, ಹುಡುಗಿ ಅಲೆದಿದ್ದಾಳೆ, ಅವಳೇ ಕೂರಲಿ ಅಂದರು. ಆದರೆ ಅಂಬಿಗನ ಜಾಗಕ್ಕೆ ಬೇರೆ ಮೇಷ್ಟ್ರ ಪುಸ್ತಕದಿಂದ ಒಂದು ಹೊಳೆಯ ಹಾಡು ತಂದು ಹಾಕಬೇಕು, ಕತ್ತಲಲ್ಲಿ ಜನ ಸುಮ್ಮನೆ ಕೂರುವುದಿಲ್ಲ ಅಂದರು. ಎಲ್ಲರೂ ಹೂಂಗುಟ್ಟಿದರು. ನನಗೂ ಅದು ಸರಿಯೆನಿಸಿತ್ತು.

“ಬ್ಯಾಡಿ,” ಅಂದಳು ಮಗಳು. “ಅಪ್ಪನ ನಾಟ್ಕಕ್ಕೆ ಇನ್ನೊಬ್ರ ಹಾಡು ಹೊಲಿಯಾಕಿಲ್ಲ ನಾನು. ಒಂದು ನುಡಿ ಹಾಡ್ತೀನಿ. ಮಿಕ್ಕಿದ್ದು ಬರೀ ಪೆಟ್ಟಿಗೆ ನುಡಿಸ್ತೀನಿ. ಆರು ಸಲ.”

ಹಿರಿಯರು ಮೀಸೆಯ ಕೆಳಗೇ ಏನೋ ಗೊಣಗಿದರು. ಕೊನೆಗೆ, ಈ ಸಲಕ್ಕೆ ಆಗಲಿ, ಜನ ಎದ್ದು ಹೋದರೆ ಮುಂದಿನ ವರ್ಷದ ಮಾತು ಬೇರೆ ಅಂದರು. ಅಷ್ಟಕ್ಕೇ ಒಪ್ಪಿಗೆಯಾಯಿತು.

ತಿಥಿಗೆ ನಾಲ್ಕು ದಿನ ಇರುವಾಗ ಪುಸ್ತಕ ಮುಗಿಸಿದೆ. ದಪ್ಪ ಕಾಗದ, ನೂಲಿನ ಹೊಲಿಗೆ, ಗಟ್ಟಿ ರಟ್ಟು. ಬೆನ್ನನ್ನು ನಾನೇ ಕೂತು ಹೊಲಿದೆ. ಎರಡು ಪ್ರತಿ ತೆಗೆದು, ಒಂದನ್ನು ನನ್ನ ಹತ್ತಿರ ಇಟ್ಟುಕೊಂಡೆ. ೪೧೨ನೇ ಪುಟದಲ್ಲಿ ಮೊದಲ ನುಡಿ ಇದೆ. ಅದಾದ ಮೇಲೆ ಐದು ಪುಟ ಪುಟಸಂಖ್ಯೆ ಮಾತ್ರ ಹಾಕಿ ಖಾಲಿ ಬಿಟ್ಟೆ, ಎಂದಾದರೂ ಯಾರಿಗಾದರೂ ನೆನಪಾದರೆ ಬರೆಯಲಿ ಅಂತ. ಮಗಳು ಕೆಲಸ ಮುಗಿಸಿ ಬಸ್ಸಿಳಿದು ಬಂದು, ಮೇಷ್ಟ್ರು ಕೂರುತ್ತಿದ್ದ ಅದೇ ಸ್ಟೂಲಿನ ಮೇಲೆ ಕೂತು, ಮೊದಲಿನಿಂದ ಒಂದೊಂದೇ ಪುಟ ನೋಡಿದಳು. ಖಾಲಿ ಪುಟಗಳಿಗೆ ಬಂದಾಗ ಅಂಗೈಯಿಂದ ಅವನ್ನು ಸವರಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊನೆಯ ಒಂದು ಜಾಗವನ್ನೂ ಹುಡುಕಿ ನೋಡುವ ಹಾಗಿತ್ತು.

“ಅಕ್ಕಾ, ನಾನೂರ ಮೂವತ್ತು ಹಾಳೇನೂ ನೀವು ಕೈಯಾರೆ ತಿರುವಿದ್ರಲ್ಲ. ಅಪ್ಪನ್ನ ಬುಟ್ರೆ ಅದ್ನ ಪೂರ್ತಿ ಕಂಡೋರು ನೀವೊಬ್ರೇ. ಅಂಬಿಗನ ಹಾಡ್ನ ಒಂದು ಸಾಲಾದ್ರೂ ಓದ್ನಿಲ್ವಾ?”

ಇಲ್ಲ ಅಂದೆ. ಆಕೆ ತಲೆಯಾಡಿಸಿ, ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು, ಮಳವಳ್ಳಿ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು. ನಾಟಕಕ್ಕೆ ಬನ್ನಿ ಅಂತ ಕರೆಯಲು ಮರೆಯಲಿಲ್ಲ.

ಆಕೆ ಹೋದ ಮೇಲೆ ಅಟ್ಟ ಹತ್ತಿ ಆ ವರ್ಷದ ಡೈರಿ ಇಳಿಸಿದೆ. ಕಲೆಗಳ ಡೈರಿ. ಏನಾದರೂ, ಅಕಸ್ಮಾತ್ ಒಂದು ಪದವಾದರೂ ಬರೆದಿದ್ದೇನೆಯೇ ಅಂತ ಆಸೆ. ಪುಟ ಹುಡುಕಿದೆ. ೪೧೨: ಎಡಗಡೆ ಎಣ್ಣೆ ಕಲೆ. ೪೧೩: ಬಲ ಮೂಲೆ ಹರಿದಿದೆ. ೪೧೪: ನಡುವೆ ಮಡಿಕೆ. ೪೧೫: ಮಸಿ ಸ್ವಲ್ಪ ಹರಡಿದೆ. ೪೧೬: ತೇವದ ಗುರುತು. ೪೧೭ರ ಮುಂದೆ, ನನ್ನದೇ ಅಚ್ಚುಕಟ್ಟಾದ ಕೈಬರಹದಲ್ಲಿ, ಅಕ್ಷರ ಬಹಳ ಸ್ಪಷ್ಟವಾಗಿದೆ ಅಂತ ಬರೆದಿತ್ತು.